ದಕ್ಷಿಣಕ್ಕೆ ಬಿದ್ದ ಒಂದು ಬೆರಳಗಲ ನೆರಳು

ಎರಡು ವರ್ಷಗಳ ಹಿಂದಿನ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ನಡೆದ ಸಂಗತಿ ಇದು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದ ಬಳಿಕ ಸಿಂದಗಿಯಲ್ಲಿ ನೆಲೆಸಿರುವ ನಾನು, ಆಗ ಒಂದು ಸೇವಾಸಂಸ್ಥೆಯ ಕಾರ್ಯಕ್ರಮದಲ್ಲಿ ತೊಡಗಿಕೊಂಡಿದ್ದೆ. ಬಾಹ್ಯಾಕಾಶ ವಿಜ್ಞಾನವನ್ನು ಪಾಠಪುಸ್ತಕದ ಆಚೆಗೆ ಕಲಿಸಲು ಶಿಕ್ಷಕರಿಗೆ ನೆರವಾಗುವುದು ಆ ಕಾರ್ಯಕ್ರಮದ ಉದ್ದೇಶ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಒಂದೊಂದು ಶಾಲೆಯನ್ನು ಆರಿಸಿ, ಪ್ರತಿ ಶಾಲೆಗೆ ಒಂದು ದೊಡ್ಡ ಪೆಟ್ಟಿಗೆಯನ್ನು ಕೊಡಲಾಗಿತ್ತು. ಅದರಲ್ಲಿ ಭೂಗೋಳ, ಸಣ್ಣ ದೂರದರ್ಶಕ, ರಾಕೆಟ್ಟಿನ ಮಾದರಿ, ಗ್ರಹಗಳ ಚಿತ್ರಪಟ ಮೊದಲಾದವು ಇದ್ದವು. ಪೆಟ್ಟಿಗೆ ಬೀಗದಲ್ಲೇ ಉಳಿಯದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ನನ್ನ ಹುದ್ದೆಗೆ ಅವರು ಇಟ್ಟ ಹೆಸರು ‘ಸಹಾಯಕ ಸಂಪನ್ಮೂಲ ವ್ಯಕ್ತಿ’. ಯಾರಿಗೆ ಸಹಾಯಕ ಎಂದು ನಾನು ಲಿಖಿತವಾಗಿ ಕೇಳಿದ್ದೆ. ಉತ್ತರ ಬರಲಿಲ್ಲ.

ಕಾರ್ಯಕ್ರಮದ ಸಂಚಾಲಕರು ಮೂವತ್ತು ದಾಟದ ಒಬ್ಬ ಯುವಕ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮರೆತಿದ್ದೇನೆಂದಲ್ಲ. ಆ ವರ್ಷದ ಮೇ ತಿಂಗಳಲ್ಲಿ, ರಜೆಯ ದಿನಗಳಲ್ಲಿ, ಬಸವನ ಬಾಗೇವಾಡಿಯಲ್ಲಿ ಶಿಕ್ಷಕರಿಗೆ ತರಬೇತಿ ಏರ್ಪಾಡಾಗಿತ್ತು. ಸೂರ್ಯ ನಡುನೆತ್ತಿಗೆ ನೇರವಾಗಿ ಬಂದು ನೆಟ್ಟ ಕಂಬದ ನೆರಳು ಇಲ್ಲವಾಗುವ ದಿನ ನಮ್ಮ ಸೀಮೆಗೆ ವರ್ಷದಲ್ಲಿ ಎರಡು ಸಲ ಬರುತ್ತದೆ, ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ಸಂಚಾಲಕರು ಹಂಚಿದ ಹಾಳೆಯಲ್ಲಿ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ದಿನವನ್ನು ಕೊಟ್ಟು, ಸಮಯ ಮಧ್ಯಾಹ್ನ ಹನ್ನೆರಡು ಎಂದು ಬರೆದಿತ್ತು. ನಾನು ಎದ್ದು ನಿಂತು, ಸೂರ್ಯ ಪ್ರತಿ ಊರಿನ ನೆತ್ತಿಯ ಮೇಲೆ ಒಂದೇ ದಿನ ಬರುವುದಿಲ್ಲವೆಂದೂ, ನಮ್ಮ ಜಿಲ್ಲೆಯಲ್ಲಿ ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲವೆಂದೂ, ಮೇ ತಿಂಗಳಲ್ಲಿ ಅದು ಸುಮಾರು ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಆಗುತ್ತದೆಂದೂ ಹೇಳಿದೆ.

“ಅಜ್ಜಾರ, ನಿಮ್ಮ ಕಾಲದ ಗಡಿಯಾರ ಹಿಂದ ಹಿಂದ ಓಡತಿದ್ವೇನ್ರಿ?” ಎಂದರು ಸಂಚಾಲಕರು.

ಸಭೆಯಲ್ಲಿ ಮೂವತ್ತು ಶಿಕ್ಷಕರಿದ್ದರು. ಇಪ್ಪತ್ತೊಂಬತ್ತು ಜನ ನಕ್ಕರು. ನಗದೆ ಉಳಿದವರು ಒಬ್ಬರೇ, ಮುದ್ದೇಬಿಹಾಳ ತಾಲ್ಲೂಕಿನ ಶಾಲೆಯಿಂದ ಬಂದಿದ್ದ ಶಶಿಕಲಾ ದೊಡಮನಿ ಎಂಬ ವಿಜ್ಞಾನ ಶಿಕ್ಷಕಿ. ಅವರು ತಲೆ ತಗ್ಗಿಸಿ, ನಾನು ಹೇಳಿದ ನಿಮಿಷಗಳನ್ನು ಬರೆದುಕೊಳ್ಳುತ್ತಿದ್ದರು.

ಮರುದಿನ, ನನ್ನ ಲೆಕ್ಕದಂತೆ, ಬಾಗೇವಾಡಿಯ ಸರದಿ. ಹನ್ನೆರಡಕ್ಕೆ ಅಂಗಳದಲ್ಲಿ ನೆಟ್ಟಿದ್ದ ಮೀಟರ್ ಉದ್ದದ ಪೈಪಿನ ನೆರಳು ಪಶ್ಚಿಮಕ್ಕೆ ಐದು ಬೆರಳಗಲ ಬಿದ್ದಿತ್ತು. ಸಂಚಾಲಕರು ಗಡಿಯಾರ ನೋಡಿ, ಪೈಪನ್ನು ಅಲ್ಲಾಡಿಸಿ ನೋಡಿ, ಒಳಗೆ ಹೋದರು. ಹನ್ನೆರಡು ಇಪ್ಪತ್ತೆರಡಕ್ಕೆ ನೆರಳು ಸಂಪೂರ್ಣವಾಗಿ ಮಾಯವಾಯಿತು. ಹಿಂದಿನ ದಿನ ನಕ್ಕವರು ಚಪ್ಪಾಳೆ ತಟ್ಟಿದರು. ನಾನು ಆ ಚಪ್ಪಾಳೆಯನ್ನು ನಗುವಿಗೆ ಪರಿಹಾರವೆಂದು ಒಪ್ಪಿಕೊಳ್ಳಲಿಲ್ಲ.

ಆಗ ನಾನು ಮಾಡಿಕೊಟ್ಟ ಪಟ್ಟಿಯಲ್ಲಿ ಮೊದಲು ಮುದ್ದೇಬಿಹಾಳ, ಮರುದಿನ ಬಾಗೇವಾಡಿ, ಅದರ ಮರುದಿನ ಸಿಂದಗಿ, ಕೊನೆಯ ದಿನ ಇಂಡಿ ಎಂದಿತ್ತು. ಮುದ್ದೇಬಿಹಾಳ ನಾಲ್ಕರಲ್ಲಿ ದಕ್ಷಿಣದ ಕೊನೆ, ಇಂಡಿ ಉತ್ತರದ ಕೊನೆ. ಮೇ ತಿಂಗಳಲ್ಲಿ ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತಿರುತ್ತಾನೆ. ಆದ್ದರಿಂದ ಆ ಕ್ರಮ ಸರಿಯಾಗಿಯೇ ಇತ್ತು.

ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ. ಮಕ್ಕಳಿಗೆ ತೋರಿಸಲು ಆಗಸ್ಟ್ ತಿಂಗಳೇ ಬೇಕು. ಜುಲೈನಲ್ಲಿ ನಾನು ಹೊಸ ಪಟ್ಟಿಯನ್ನು ಸಿದ್ಧಪಡಿಸಿದೆ. ಸಂಚಾಲಕರು ಅದನ್ನು ಅಚ್ಚು ಹಾಕಿಸಿ, ಕೆಳಗೆ ತಮ್ಮ ಹೆಸರನ್ನಷ್ಟೇ ಹಾಕಿಕೊಂಡರು. ನಾನು ಒಪ್ಪಲಿಲ್ಲ. ಎರಡು ಪತ್ರ ಬರೆದೆ; ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕಚೇರಿಗೆ ಹೋದೆ. ಪಟ್ಟಿಯನ್ನು ಮತ್ತೆ ಅಚ್ಚು ಹಾಕಿಸಿದರು. ಈ ಸಲ ಕೆಳಗಿನ ಅಂಚಿನಲ್ಲಿ, ದಪ್ಪ ಅಕ್ಷರಗಳಲ್ಲಿ, ‘ಪಟ್ಟಿ ರಚನೆ’ ಎಂದು ನನ್ನ ಪೂರ್ಣ ಹೆಸರು ಬಂತು. ಸಂಚಾಲಕರ ಹೆಸರು ಇರಲಿಲ್ಲ. ನನಗೆ ಅಂದು ಬಹಳ ಸಮಾಧಾನವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಶಶಿಕಲಾ ಅವರ ಶಾಲೆಯಲ್ಲಿ ಪರಿಸ್ಥಿತಿ ಸುಲಭವಾಗಿರಲಿಲ್ಲ. ಪ್ರತಿ ಶನಿವಾರ ಎರಡು ಅವಧಿಗಳನ್ನು ಅವರು ಪೆಟ್ಟಿಗೆಯ ಪಾಠಕ್ಕೆ ಬಳಸುತ್ತಿದ್ದರು. ಮುಖ್ಯೋಪಾಧ್ಯಾಯರಾದ ಹಂಚಿನಾಳ ಅವರಿಗೆ ಆ ಅವಧಿಗಳು ಹತ್ತನೆಯ ತರಗತಿಯ ಪುನರಾವರ್ತನೆಗೆ ಬೇಕಾಗಿದ್ದವು. ಫಲಿತಾಂಶ ಕುಸಿದರೆ ಮೇಲಿನವರು ಕೇಳುವುದು ಅವರನ್ನೇ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ನೆರಳು ಮಾಯವಾಗುವುದನ್ನು ಶಾಲಾ ಸಮಿತಿಯವರ ಎದುರಿಗೆ ತೋರಿಸಬೇಕು. ತೋರಿಸಿದರೆ ಶನಿವಾರದ ಅವಧಿಗಳೂ ಪೆಟ್ಟಿಗೆಯೂ ಶಶಿಕಲಾ ಅವರಿಗೆ. ಇಲ್ಲವಾದರೆ ಪೆಟ್ಟಿಗೆ ಸಂಸ್ಥೆಗೆ ವಾಪಸು. ಇದನ್ನು ಶಶಿಕಲಾ ನನಗೆ ಫೋನಿನಲ್ಲಿ ತಿಳಿಸಿ, ಕೊನೆಯಲ್ಲಿ ಕೇಳಿದರು: “ದಿನ ಪಕ್ಕಾ ಐತಿಲ್ರಿ ಸರ?”

“ನಿಮಿಷ ಸಹಿತ ಪಕ್ಕಾ ಐತಿ,” ಎಂದೆ.

ಪಟ್ಟಿಯ ಪ್ರಕಾರ ಮೊದಲ ದಿನ ಮುದ್ದೇಬಿಹಾಳದ್ದು. ಆ ಬೆಳಿಗ್ಗೆ ಸಿಂದಗಿಯಿಂದ ಬಸ್ಸು ಹಿಡಿದು, ತಾಳಿಕೋಟೆಯಲ್ಲಿ ಬದಲಿಸಿ, ಹನ್ನೊಂದರ ಹೊತ್ತಿಗೆ ಶಾಲೆಯನ್ನು ತಲುಪಿದೆ. ಅಂಗಳದ ಮಧ್ಯೆ ಸಿಮೆಂಟಿನ ಚಪ್ಪಟೆ ಕಟ್ಟೆ ಮಾಡಿಸಿ ಬಿಳಿಯ ಪೈಪನ್ನು ನಿಲ್ಲಿಸಿದ್ದರು. ಊರಿನ ಗೌಂಡಿಯೊಬ್ಬರು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಪೈಪು ನೆಟ್ಟಗಿದೆಯೆಂದು ಖಚಿತಪಡಿಸಿದರು. ಸುತ್ತಲೂ ಮಕ್ಕಳು ವೃತ್ತಾಕಾರದಲ್ಲಿ ಕುಳಿತಿದ್ದರು. ಬೇವಿನ ಮರದ ಕೆಳಗೆ ಕುರ್ಚಿಗಳ ಮೇಲೆ ಹಂಚಿನಾಳ ಅವರೂ ಸಮಿತಿಯ ನಾಲ್ವರು ಹಿರಿಯರೂ ಇದ್ದರು. ಆಗಸ್ಟ್ ತಿಂಗಳಾದರೂ ಆಕಾಶ ತಿಳಿಯಾಗಿತ್ತು. ಆ ದಿನ ಮೋಡವನ್ನು ದೂರುವಂತಿರಲಿಲ್ಲ.

ಆಗಸ್ಟ್‌ನಲ್ಲಿ ನಡುಹಗಲು ಮೇ ತಿಂಗಳಿಗಿಂತ ಹತ್ತು ನಿಮಿಷ ತಡವಾಗಿ ಆಗುತ್ತದೆ. ಅದನ್ನೂ ನಾನು ಪಟ್ಟಿಯಲ್ಲಿ ತಪ್ಪದೆ ಸರಿಪಡಿಸಿದ್ದೆ. ಹನ್ನೆರಡು ಮೂವತ್ತಕ್ಕೆ ಮಕ್ಕಳು ಎದ್ದು ನಿಂತರು. ಮೂವತ್ತೊಂದು. ಮೂವತ್ತೆರಡು. ನೆರಳು ಕುಗ್ಗುತ್ತಾ ಬಂದು, ಪೈಪಿನ ಬುಡದಲ್ಲಿ ಒಂದು ಬೆರಳಗಲ ಉಳಿದು, ಅಲ್ಲಿಯೇ ನಿಂತಿತು. ಮೂವತ್ತೈದಕ್ಕೆ ಅದು ಪೂರ್ವದ ಕಡೆಗೆ ಹೊರಳಿ ಮತ್ತೆ ಬೆಳೆಯತೊಡಗಿತು.

ಮೊದಲು ಮಾತಾಡಿದವರು ಹಂಚಿನಾಳ. “ಅಕ್ಕೋರ, ನೆಳ್ಳು ಹೋಗವಲ್ತಲ್ರಿ. ಅದಕ್ಕ ನೋಟೀಸು ಮುಟ್ಟಿಲ್ಲೇನು?”

ಸಮಿತಿಯ ಹಿರಿಯರೊಬ್ಬರು ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. “ನಮ್ಮೂರಿನ ನೆಳ್ಳರಿ ಇದು. ಊರು ಬಿಟ್ಟು ಹೋಗಾಕ ಒಲ್ಲೆ ಅಂತೈತಿ.”

ಎಲ್ಲರೂ ನಕ್ಕರು. ಮಕ್ಕಳೂ ನಕ್ಕರು. ಶಶಿಕಲಾ ನಗಲಿಲ್ಲ, ಅಳುಮೋರೆಯನ್ನೂ ಮಾಡಲಿಲ್ಲ. ಪೈಪಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಕಟ್ಟೆಯ ಮೇಲೆ ನೆರಳು ನಿಂತಿದ್ದ ಜಾಗದಲ್ಲಿ ಬೆರಳಿಟ್ಟರು. ಅನಂತರ ತಲೆಯೆತ್ತಿ, ಶಾಲೆಯ ಗೋಡೆಯ ಮೇಲೆ ತಾವೇ ಬರೆಸಿದ್ದ ದಿಕ್ಕುಗಳನ್ನು ನೋಡಿದರು. ಅನಂತರ ನನ್ನನ್ನು ನೋಡಿದರು.

ನನಗೂ ಅದೇ ಕ್ಷಣದಲ್ಲಿ ತಿಳಿಯಿತು. ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಎಂದರೆ ಸೂರ್ಯ ಇನ್ನೂ ನೆತ್ತಿಯ ಉತ್ತರಕ್ಕೆ ಇದ್ದ. ಆಗಸ್ಟ್‌ನಲ್ಲಿ ಸೂರ್ಯ ಉತ್ತರದಿಂದ ದಕ್ಷಿಣಕ್ಕೆ ಮರಳುತ್ತಿರುತ್ತಾನೆ. ಮೊದಲು ಇಂಡಿ, ಆಮೇಲೆ ಸಿಂದಗಿ, ಆಮೇಲೆ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ನಾನು ನಾಲ್ಕು ದಿನಗಳನ್ನು ಸರಿಯಾಗಿ ಲೆಕ್ಕ ಹಾಕಿದ್ದೆ, ನಿಮಿಷಗಳನ್ನು ಸರಿಯಾಗಿ ತಿದ್ದಿದ್ದೆ. ಆದರೆ ಆ ದಿನಗಳನ್ನು ಮೇ ತಿಂಗಳ ಹಳೆಯ ಪಟ್ಟಿಯ ಊರುಗಳ ಮುಂದೆ ಹಾಗೆಯೇ ಬರೆದಿದ್ದೆ. ಊರುಗಳ ಕ್ರಮವನ್ನು ತಿರುಗಿಸಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೂ ಮಾಡದ ತಪ್ಪು ಅದು.

“ಎಲ್ಲಿ, ಆ ಹಾಳಿ ಕೊಡ್ರಿ ಇಲ್ಲೆ. ದಿನಾ ಬರದವರು ಯಾರು ನೋಡೂಣು,” ಎಂದು ಹಂಚಿನಾಳ ಕೈ ಚಾಚಿದರು.

ಪಟ್ಟಿ ಶಶಿಕಲಾ ಅವರ ಕೈಯಲ್ಲಿದ್ದ ಹಾಜರಿ ಪುಸ್ತಕದ ಮೇಲೆಯೇ ಇತ್ತು. ಅವರು ಅದನ್ನು ನಿಧಾನವಾಗಿ ಮಡಿಚಿದರು, ಕೆಳಗಿನ ಅಂಚು ಒಳಗೆ ಹೋಗುವಂತೆ ಮಡಿಚಿದರು, ಪುಸ್ತಕದೊಳಗೆ ಇಟ್ಟರು.

“ಹಾಳಿದು ಏನಿಲ್ರಿ ಸರ. ಲೆಕ್ಕ ನಂದ ತಪ್ಪೇತಿ,” ಎಂದರು. “ನೆಳ್ಳು ದಕ್ಷಿಣಕ್ಕ ಬಿದ್ದೇತಿ ನೋಡ್ರಿ. ಸೂರ್ಯ ಇನ್ನ ನಮ್ಮ ನೆತ್ತಿಗೆ ಬಂದಿಲ್ಲ. ದಿನಾ ಒಂದೀಟು ಇತ್ಲಾಗ ಸರಿಯಾಕತ್ತಾನ. ಇನ್ನೂ ಮೂರು ದಿನ ಬೇಕ್ರಿ.”

“ಮೂರು ದಿನಾ ಆದಮ್ಯಾಲ ಮತ್ತ ಮೂರು ದಿನಾ ಅಂತೀರಿ.”

“ಅನ್ನಂಗಿಲ್ರಿ.”

ಹಂಚಿನಾಳ ನನ್ನ ಕಡೆ ತಿರುಗಿದರು. “ಏನ್ರಿ ಹಿರಿಯರ, ನೀವು ಸುಮ್ನ ನಿಂತೀರಿ? ನಿಮ್ಮ ಅಭಿಪ್ರಾಯ ಏನ್ರಿ?”

ನಾನು ಹೇಳಬೇಕಾದ ವಾಕ್ಯ ಚಿಕ್ಕದು. ಪಟ್ಟಿ ನನ್ನದು, ತಪ್ಪು ನನ್ನದು. ಆದರೆ ಅಂಗಳದಲ್ಲಿ ಇನ್ನೂರು ಮಕ್ಕಳಿದ್ದರು, ಐವರು ಹಿರಿಯರಿದ್ದರು. ನನ್ನ ಕಿವಿಯಲ್ಲಿ ಬಾಗೇವಾಡಿಯ ಇಪ್ಪತ್ತೊಂಬತ್ತು ಜನರ ನಗುವಿತ್ತು. ಸಂಚಾಲಕರಿಗೆ ಈ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ ಎಂಬುದೂ ಮನಸ್ಸಿಗೆ ಬಂತು.

“ಮೂರು ದಿನ ಬೇಕ್ರಿ,” ಎಂದೆ. “ಆ ದಿನ ನೆರಳು ಖಂಡಿತ ಹೋಗ್ತದ.”

ಅಷ್ಟನ್ನೇ ಹೇಳಿದೆ. ಹಂಚಿನಾಳ ಒಪ್ಪಿದರು. “ಆಗಲಿ, ಮೂರು ದಿನ ಕೊಟ್ಟೆ. ಆದ್ರ ಅಕ್ಕೋರ, ಒಂದು ಅವಧಿ ಹುಡುಗ್ರನ್ನ ಬಿಸಲಾಗ ನಿಂದ್ರಿಸಿ ಹಾಳು ಮಾಡೇವಿ. ನಾಳೆ ಪ್ರಾರ್ಥನಾ ಆದಮ್ಯಾಲ ತಪ್ಪು ನಂದು ಅಂತ ನೀವ ಹುಡುಗ್ರ ಮುಂದ ಹೇಳ್ರಿ. ತಪ್ಪು ಒಪ್ಪಿಕೊಳ್ಳೂದು ಹುಡುಗ್ರೂ ಕಲೀಲಿ.”

“ಹೂಂ ರೀ ಸರ,” ಎಂದರು ಶಶಿಕಲಾ.

ನಾನು ಬಸ್ ನಿಲ್ದಾಣಕ್ಕೆ ಬಂದು ಉಳಿದ ಮೂರು ಶಾಲೆಗಳಿಗೆ ಫೋನು ಮಾಡಿದೆ. ಸಿಂದಗಿಯವರಿಗೆ, ನಿಮ್ಮ ದಿನ ನಾಳೆಯೇ ಎಂದೆ. ಬಾಗೇವಾಡಿಯವರಿಗೆ, ನಾಳೆಯಲ್ಲ, ನಾಡಿದ್ದು ಎಂದೆ. ಇಬ್ಬರಿಗೂ ಹೇಳಿದ ಮಾತು ‘ದಿನ ಬದಲಾಗಿದೆ’ ಎಂಬುದು. ಸೂರ್ಯನೇ ಮನಸ್ಸು ಬದಲಿಸಿದನೋ ಎಂಬಂತೆ. ಇಂಡಿಯವರಿಗೆ ಕೊನೆಯಲ್ಲಿ ಮಾಡಿದೆ. ಅವರ ದಿನ ಅದೇ ಆಗಿತ್ತು. ಅರ್ಧ ತಾಸಿನ ಹಿಂದೆ ಮುಗಿದುಹೋಗಿತ್ತು. ಈ ವರ್ಷ ನಿಮ್ಮಲ್ಲಿ ಆಗುವುದಿಲ್ಲ ಎಂದೆ. “ಯಾಕ್ರಿ ಸರ? ಇವತ್ತ ಮಧ್ಯಾಹ್ನ ಬಿಸಲು ಎಷ್ಟು ಚಂದ ಇತ್ತು, ಇನ್ನ ಮೂರು ದಿನ ಹಿಂಗ ಇದ್ರ ಸಾಕು ಅಂತ ಹುಡುಗ್ರಿಗೆ ಹೇಳಾಕತ್ತಿದ್ದೆ,” ಎಂದರು ಅಲ್ಲಿಯ ಶಿಕ್ಷಕರು. ಬಸ್ಸು ಬಂತೆಂದು ಹೇಳಿ ಫೋನು ಇಟ್ಟೆ. ಬಸ್ಸು ಬಂದಿರಲಿಲ್ಲ.

ನಾಲ್ಕನೆಯ ದಿನ ಮತ್ತೆ ಮುದ್ದೇಬಿಹಾಳ ತಾಲ್ಲೂಕಿನ ಅದೇ ಶಾಲೆಗೆ ಹೋದೆ. ಈ ಸಲ ಮೋಡವಿತ್ತು. ತಾಳಿಕೋಟೆಯಿಂದ ಮುಂದೆ ಮೊಣಕಾಲೆತ್ತರದ ತೊಗರಿಯ ಹೊಲಗಳ ಮೇಲೆ ಮೋಡದ ದೊಡ್ಡ ದೊಡ್ಡ ನೆರಳುಗಳು ಓಡುತ್ತಿದ್ದವು. ಹನ್ನೆರಡು ಗಂಟೆಗೆ ಅಂಗಳದಲ್ಲಿ ಯಾರ ನೆರಳೂ ಇರಲಿಲ್ಲ.

“ಇವತ್ತ ಎಲ್ಲಾರದೂ ಹೋಗೇತಲ್ರಿ. ಮುಗೀತೇನು ಪ್ರಯೋಗ?” ಎಂದು ಸಮಿತಿಯ ಹಿರಿಯರು ಚೇಷ್ಟೆ ಮಾಡಿದರು.

ಶಶಿಕಲಾ ಆಕಾಶವನ್ನೇ ನೋಡುತ್ತಿದ್ದರು. ಹನ್ನೆರಡು ಇಪ್ಪತ್ತೇಳಕ್ಕೆ ಮೋಡ ಸರಿಯಿತು. ಪೈಪಿನ ನೆರಳು ಪಶ್ಚಿಮಕ್ಕೆ ಸಣ್ಣಗೆ ಕಾಣಿಸಿತು, ಕುಗ್ಗುತ್ತಾ ಬಂತು, ಮತ್ತು ಹನ್ನೆರಡು ಮೂವತ್ತೆರಡಕ್ಕೆ ಬುಡದೊಳಗೆ ಸೇರಿ ಇಲ್ಲವಾಯಿತು. ಸುಡುವ ಬಿಸಿಲಿನಲ್ಲಿ ಆ ಬಿಳಿಯ ಪೈಪು ನೆಲಕ್ಕೆ ತಾಗದೆ ನಿಂತಂತೆ ಕಾಣುತ್ತಿತ್ತು. ಮಕ್ಕಳು ಕೂಗಿದ ಕೂಗಿಗೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಹಂಚಿನಾಳ ಕುರ್ಚಿಯಿಂದ ಎದ್ದು ಬಂದು, ಮಕ್ಕಳ ನಡುವೆ ನಿಂತು, ತಮ್ಮ ಕಾಲಬುಡವನ್ನು ಸುತ್ತಲೂ ನೋಡಿಕೊಂಡರು.

“ಖರೇನ ಹೋತಲ್ರಿ!” ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. “ಅಕ್ಕೋರ, ಪೆಟ್ಟಿಗಿ ನಿಮ್ಮದು. ಶನಿವಾರನೂ ನಿಮ್ಮದು.”

ಆಗ ನಾನು ಮುಂದೆ ಬಂದು ಮಾತಾಡಿದೆ. ಮೂರು ದಿನಗಳ ಹಿಂದಿನ ತಪ್ಪು ಶಿಕ್ಷಕಿಯದಲ್ಲ, ಪಟ್ಟಿ ಮಾಡಿದ ನನ್ನದು ಎಂದು ಎಲ್ಲರ ಮುಂದೆ, ಪೂರ್ಣ ವಾಕ್ಯಗಳಲ್ಲಿ ಹೇಳಿದೆ. ಹಂಚಿನಾಳ ನನ್ನ ಎರಡೂ ಕೈ ಹಿಡಿದುಕೊಂಡರು. “ಇರಲಿ ಬಿಡ್ರಿ ಹಿರಿಯರ. ಈ ವಯಸ್ಸಿನ್ಯಾಗ ಹಿಂಗ ಒಪ್ಕೊಳ್ಳಾಕ ದೊಡ್ಡ ಮನಸ ಬೇಕು,” ಎಂದು, ಅತಿಥಿಗಳಿಗೆಂದು ತರಿಸಿದ್ದ ಶಾಲನ್ನು ನನ್ನ ಹೆಗಲಿಗೆ ಹೊದಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶಶಿಕಲಾ ಕೂಡ ತಟ್ಟಿದರು.

ಮರಳುವಾಗ ಅವರು ಗೇಟಿನವರೆಗೆ ಬಂದರು. ನಾನೇ ಮಾತು ತೆಗೆದೆ. “ಅಕ್ಕೋರ, ಎಲ್ಲಾ ಸರಿ ಆತಲ್ರಿ.”

“ಹೌದ್ರಿ ಸರ. ಇವತ್ತ ಹೇಳಿದ್ರಿ, ಚಲೋ ಆತು,” ಎಂದರು. ಅದೇ ಶಾಂತ ದನಿಯಲ್ಲಿ ಮುಂದುವರಿಸಿದರು: “ಅವತ್ತ ಹೇಳಿದ್ರ ನಾ ಪ್ರಾರ್ಥನಾದಾಗ ನಿಂದ್ರೂದು ತಪ್ಪತಿತ್ರಿ. ಎಂಟನೇತ್ತಾ ಹುಡುಗ್ರು ಎರಡು ದಿನ ‘ಅಕ್ಕೋರ ನೆಳ್ಳು, ಅಕ್ಕೋರ ನೆಳ್ಳು’ ಅಂತ ನಗತಿದ್ರು.” ಆಮೇಲೆ ರಸ್ತೆಯ ಕಡೆ ನೋಡಿ, “ಬಸ್ಸು ಬಂತ್ರಿ ಸರ, ಹುಷಾರ ಹೋಗಿಬರ್ರಿ,” ಎಂದರು. ಅಂದು ನಿಜವಾಗಿಯೂ ಬಸ್ಸು ಬಂದಿತ್ತು.

ಶಾಲನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡೆ.

ಕಳೆದ ವರ್ಷ ಆಗಸ್ಟ್‌ನಲ್ಲಿ ಮೊದಲ ದಿನ ಇಂಡಿಗೆ ಹೋದೆ. ಪ್ರಯೋಗಕ್ಕೆ ಮುಂಚೆಯೇ, ಹಿಂದಿನ ವರ್ಷ ನಿಮ್ಮ ದಿನ ಕೈತಪ್ಪಿದ್ದು ನನ್ನಿಂದ ಎಂದು ಅಲ್ಲಿಯ ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ, “ಹತ್ತನೇತ್ತಾ ಮುಗಿಸಿ ಹೋದವರಿಗೆ ಯಾರು ತೋರಸ್ತಾರ್ರಿ?” ಎಂದು ಕೇಳಿದ. ಯಾರೂ ಇಲ್ಲ, ಅದೂ ನನ್ನ ತಪ್ಪೇ ಎಂದು ಹೇಳಿದೆ.

ಕೊನೆಯ ದಿನ ಶಶಿಕಲಾ ಅವರ ಶಾಲೆಗೆ ಹೋದೆ. ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಹಿಂದಿನ ವರ್ಷದ ತಪ್ಪು ಪಟ್ಟಿಯನ್ನು ಅಂಟಿಸಿದ್ದರು. ಮೇಲ್ಗಡೆ ಕೆಂಪು ಶಾಯಿಯಲ್ಲಿ, ‘ಈ ಪಟ್ಟಿಯಲ್ಲಿ ತಪ್ಪೆಲ್ಲಿದೆ? ನೆರಳನ್ನು ನೋಡಿ ಹೇಳಿರಿ’ ಎಂಬ ಪ್ರಶ್ನೆ ಇತ್ತು. ಇನ್ನು ಮುಂದೆ ಪ್ರತಿ ವರ್ಷ ಆಗಸ್ಟ್‌ನಲ್ಲಿ ಒಂಬತ್ತನೆಯ ತರಗತಿಗೆ ಮೊದಲ ಪಾಠ ಅದೇ ಎಂದರು. ಮಕ್ಕಳು ಪೈಪಿನ ನೆರಳನ್ನು ವಾರವಿಡೀ ಅಳೆದು, ಊರುಗಳ ಕ್ರಮವನ್ನು ತಾವೇ ತಿರುಗಿಸಿ ಬರೆಯಬೇಕಂತೆ. ನಾನು ಮೂವತ್ತಾರು ವರ್ಷಗಳಲ್ಲಿ ಅಷ್ಟು ಒಳ್ಳೆಯ ಪಾಠವನ್ನು ಮಾಡಿರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಹಾಳೆಯ ಮೇಲೆ ಮಡಿಕೆಯ ಗೆರೆಗಳು ಹಾಗೆಯೇ ಇದ್ದವು. ಆದರೆ ಕೆಳಗಿನ ಅಂಚು ಇರಲಿಲ್ಲ. ನನ್ನ ಹೆಸರಿದ್ದಷ್ಟು ಭಾಗವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು.

“ಕೆಳಗಿಂದು ಯಾಕ ಕತ್ತರಿಸೀರಿ ಅಕ್ಕೋರ?” ಎಂದು ಕೇಳಿದೆ.

“ಗ್ವಾಡಿಗಿ ಹಿಡೀಲಿಲ್ರಿ ಸರ,” ಎಂದರು.

ಗೋಡೆಯ ಮೇಲೆ ಇನ್ನೂ ಹತ್ತು ಹಾಳೆಗಳಿಗೆ ಜಾಗವಿತ್ತು.

ಜೀವನದಲ್ಲಿ ನನಗಾದ ಅವಮಾನಗಳನ್ನು ನಾನು ಮರೆತವನಲ್ಲ. ಯಾರು, ಎಲ್ಲಿ, ಯಾವ ಮಾತಿನಲ್ಲಿ ಮಾಡಿದರೆಂದು ಇಂದಿಗೂ ಹೇಳಬಲ್ಲೆ. ಬಾಗೇವಾಡಿಯ ಆ ನಗುವನ್ನು ಈಗಲೂ ಕ್ಷಮಿಸಿಲ್ಲ. ಆದರೆ ಇನ್ನೊಬ್ಬರು ಇಟ್ಟಿರುವ ಅಂಥದೇ ಲೆಕ್ಕದಲ್ಲಿ ನನ್ನ ಹೆಸರು ಎಲ್ಲಿ ಇರಬಹುದು ಎಂದು ಅಂದಿನವರೆಗೆ ಯೋಚಿಸಿರಲಿಲ್ಲ. ಯೋಚಿಸಿ ಹುಡುಕಿದಾಗ, ಆ ಮಹಾತಾಯಿ ಅದನ್ನು ಕತ್ತರಿಸಿ ತೆಗೆದಿದ್ದರು.

ಜೇಬಿನಿಂದ ಪೆನ್ನು ತೆಗೆದೆ. ಕತ್ತರಿಸಿದ ಅಂಚಿನ ಕೆಳಗೆ, ಗೋಡೆಯ ಸುಣ್ಣದ ಮೇಲೆಯೇ, ‘ಪಟ್ಟಿ ರಚನೆ’ ಎಂದು ಬರೆದು, ನನ್ನ ಪೂರ್ಣ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದೆ. ಶಶಿಕಲಾ ಬೇಡವೆನ್ನಲಿಲ್ಲ. ಸುಣ್ಣ ಬಳಿಯುವ ಪ್ರತಿ ಸಲವೂ ಅಷ್ಟು ಜಾಗವನ್ನು ಬಿಟ್ಟು ಬಳಿಯಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ.